ನೀಲವ್ವನ ಕೈಗೆ ಬಂದ ಮೈಕು

ನನ್ನನ್ನು ಒಂದು ದಿನಕ್ಕೆ ಬಾಡಿಗೆಗೆ ಒಯ್ಯಲು ಆಗ ನೂರು ರೂಪಾಯಿ. ಆಂಪ್ಲಿಫೈಯರು, ಸ್ಪೀಕರು, ಉದ್ದನೆಯ ವೈರು ಎಲ್ಲ ಸೇರಿದರೆ ಎಂಟುನೂರು. ಹೊತ್ತೊಯ್ಯುವ ಮೂರು ಗಾಲಿಯ ಟಂಟಂ ಗಾಡಿಯ ಬಾಡಿಗೆ ಬೇರೆ. ಇಷ್ಟೆಲ್ಲ ಖರ್ಚು ಮಾಡಿ ತರಿಸಿದವರು ನನ್ನೆದುರು ನಿಂತು ಆಡುತ್ತಿದ್ದ ಮೊದಲ ಮಾತು ಬಹಳ ಸಲ ಒಂದೇ: “ನನಗ ಮಾತಾಡಾಕ ಬರಂಗಿಲ್ಲ.”

ನಾನು ಒಂದು ಮೈಕು. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನ್ನ ತಲೆಗೆ ತಂತಿಯ ಜಾಳಿಗೆ ತೊಡಿಸಿದ ಹೆಂಗಸು ನನ್ನೊಳಗೆ ಒಮ್ಮೆ ಕೆಮ್ಮಿ ನೋಡಿದಳು. ನಾನು ಕೇಳಿದ ಮೊದಲ ಸದ್ದು ಅದೇ. ಅಲ್ಲಿಂದ ಪೆಟ್ಟಿಗೆಯಲ್ಲಿ ಕೂತು ಗದಗ ಸೀಮೆಯ ಒಂದು ಸಣ್ಣ ಪೇಟೆಗೆ ಬಂದೆ. ಮೈಕ್ ಸೆಟ್ಟಿನ ಅಂಗಡಿಯ ಮೌಲಾಸಾಬರು ನನ್ನನ್ನು ಕೊಂಡರು.

ಅವರ ಜತೆ ಮದುವೆ, ಉರುಸು, ಸಂಘದ ಸಭೆ ಎಲ್ಲ ಸುತ್ತಿದೆ. ಕೆಳಗಿನಿಂದ ನೋಡುವ ನನಗೆ ಮನುಷ್ಯರ ಗಂಟಲು ಚೆನ್ನಾಗಿ ಗೊತ್ತು. ಹೆದರಿದವರ ಗಂಟಲು ಮೇಲೆ ಕೆಳಗೆ ಆಡುತ್ತದೆ. ದೊಡ್ಡ ದನಿಯ ಧಣಿಗಳದೂ ಆಡುತ್ತದೆ. ಎದುರು ಕೂತವರಿಗೆ ಅದು ಕಾಣುವುದಿಲ್ಲ, ಅಷ್ಟೇ.

ನೀಲವ್ವನನ್ನು ಮೊದಲು ಕಂಡದ್ದು ರೊಟ್ಟಿ ಬಡಿಯುವ ಹೆಂಗಸರ ಸಂಘದ ವಾರ್ಷಿಕ ಸಭೆಯಲ್ಲಿ. ಅವಳನ್ನು ಆಗತಾನೇ ಅಧ್ಯಕ್ಷೆ ಮಾಡಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಮಹಿಳಾ ಸಂಘಕ್ಕೆಂದು ಒಂದು ಮಳಿಗೆ ಖಾಲಿ ಇತ್ತು. ಬೇಕೆಂದವರು ಅಧಿಕಾರಿಗಳ ಸಭೆಗೆ ಬಂದು, ತಾವು ಯಾರು, ಏನು ಮಾಡುತ್ತೇವೆ ಎಂದು ತಾವೇ ಹೇಳಬೇಕಿತ್ತು. ಮಳಿಗೆ ಸಿಕ್ಕರೆ ಬುಟ್ಟಿ ಹೊತ್ತು ಬಿಸಿಲಲ್ಲಿ ಓಣಿ ಓಣಿ ಅಲೆಯುವುದು ತಪ್ಪುತ್ತದೆ.

“ಇಲ್ಲೇ ಒಮ್ಮಿ ಹೇಳಿ ರೂಢಿ ಮಾಡ್ಕೋ” ಎಂದು ಜತೆಯವರು ಅವಳ ಕೈಗೆ ನನ್ನನ್ನು ಕೊಟ್ಟರು. ಅವಳು ನನ್ನನ್ನು ಹೊಟ್ಟೆಯ ಹತ್ತಿರ ಹಿಡಿದು, “ನಾ... ನಾ...” ಎಂದಳು. ಪಕ್ಕದವರ ಮಡಿಲಿಗೆ ನನ್ನನ್ನು ಹಾಕಿ ಕೂತೇಬಿಟ್ಟಳು.

“ಏನ ನೀಲವ್ವ, ಮನ್ಯಾಗ ಗಂಡ ಫಕ್ಕೀರಪ್ಪಗ ಬೈಯಾಕ ಮೈಕ್ ಬೇಕಾಗಂಗಿಲ್ಲ, ಇಲ್ಲೇನಾತು?” ಎಂದಳು ಗೆಳತಿ ಕಸ್ತೂರೆವ್ವ. ಎಲ್ಲರೂ ನಕ್ಕರು. ನೀಲವ್ವನೂ ನಕ್ಕಳು, ಆದರೆ ತಲೆ ಎತ್ತಲಿಲ್ಲ.

ಮರುವಾರ ಒಂದು ಕುಬಸದ ಮನೆಗೆ, ಅಂದರೆ ಸೀಮಂತಕ್ಕೆ, ಹೋದೆವು. ಬಸುರಿಗೆ ಉಡಿ ತುಂಬಿ, ಹಾಡು ಮುಗಿದ ಮೇಲೆ ಒಡಪು ಶುರುವಾಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ; ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತಾರೆ. ಅದೇ ಒಡಪು. ಅಲ್ಲಿಗೆ ಬಂದಿದ್ದ ನೀಲವ್ವ ಎದ್ದು ನನ್ನನ್ನು ಕಸಿದುಕೊಂಡಳು.

“ಕುಬಸದ ಮನಿಗೆ ಕಟ್ಟೇವಿ ಮಾವಿನ ತೋರಣ,
ಫಕ್ಕೀರಪ್ಪನವರು ನಕ್ಕರ ನನಗದ ಹೂರಣ!”

ಕೈ ಅಲುಗಲಿಲ್ಲ. ದನಿ ಓಣಿ ದಾಟಿತು.

ವೈರು ಸುತ್ತುತ್ತಾ ಮೌಲಾಸಾಬರು ಕೇಳಿದರು: “ಯವ್ವಾ, ಗಂಡನ ಹೆಸರು ಹೇಳಾಕ ಇಷ್ಟು ಗಟ್ಟಿ ಅದಿ. ನಿನ್ನ ಹೆಸರಿಗ್ಯಾಕ ನಾಚ್ಕಿ?”

“ಅವರ ಹೆಸರನ್ನ ಮಂದಿ ಬೆನ್ನುಹತ್ತಿ ಹೇಳಸ್ತಾರ, ಕಾಕಾ. ನನ್ನ ಹೆಸರು ಯಾರು ಕೇಳ್ಯಾರ?”

“ಈಗ ಸಾಹೇಬರು ಕೇಳಾಕತ್ತಾರಲ್ಲ. ಅದಕ್ಕೂ ಒಂದು ಒಡಪು ಕಟ್ಟು.”

ಅಧಿಕಾರಿಗಳ ಸಭೆಗೂ ನಮ್ಮದೇ ಸೆಟ್ಟು. ನೀಲವ್ವನ ಸರದಿ ಬಂದಾಗ ಮೌಲಾಸಾಬರು, “ಬಾಯಿಂದ ನಾಕು ಬೆರಳು ದೂರ ಹಿಡಿ. ಮೊದಲನೇ ಸಾಲು ದಾಟಿದರ ಉಳಿದದ್ದು ತಾನ ಬರತೈತಿ” ಎಂದು ಮೆಲ್ಲಗೆ ಹೇಳಿದರು. ಅವಳ ಅಂಗೈ ಬೆವರಿನಿಂದ ನಾನು ಜಾರುತ್ತಿದ್ದೆ. ಸಾಹೇಬರೊಬ್ಬರು ಗಡಿಯಾರ ನೋಡಿದರು. ಅವಳ ಗಂಟಲು ಒಮ್ಮೆ ಮೇಲೆದ್ದು ಇಳಿಯಿತು.

“ಹಂಚಿನ ಮ್ಯಾಲ ಉಬ್ಬಿ ಬಂತು ಬಿಳಿಜೋಳದ ರೊಟ್ಟಿ,
ನೀಲವ್ವ ಅಂತ ನನ್ನ ಹೆಸರು, ಹೇಳ್ತೀನಿ ಎದಿ ತಟ್ಟಿ!”

ಹೆಂಗಸು ತನ್ನದೇ ಹೆಸರಿಗೆ ಒಡಪು ಹಾಕಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಮೊದಲು ಹಿಂದಿನ ಸಾಲಿನ ಹೆಂಗಸರು ನಕ್ಕರು, ಆಮೇಲೆ ಚಪ್ಪಾಳೆ ಬಿತ್ತು. ಗಡಿಯಾರ ನೋಡಿದ ಸಾಹೇಬರು, “ಇನ್ನೊಮ್ಮೆ ಹೇಳ್ರಿ” ಎಂದರು.

ಮುಂದೆ ಅವಳು ಪದ್ಯ ಹೇಳಲಿಲ್ಲ, ತನ್ನ ಕೆಲಸ ಹೇಳಿದಳು. ಹಿಟ್ಟಿಗೆ ಎಂಥ ಜೋಳ ಆಗಬೇಕು, ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿ ಎಷ್ಟು ದಿನ ಕೆಡದೆ ಇರುತ್ತದೆ, ಬಸ್ಸಿಳಿದವರಿಗೆ ಬಿಸಿ ರೊಟ್ಟಿ ಪಲ್ಯ ಹೇಗೆ ಕೊಡುತ್ತೇವೆ, ಎಲ್ಲ. ನಡುವೆ ಒಂದು ಕಡೆ ಮಾತು ಮರೆತಳು. “ತಡೀರಿ, ನೆನಪು ಮಾಡ್ಕೋತೀನಿ” ಎಂದಳು. ಎಲ್ಲರೂ ತಡೆದರು. ಮಾತು ಮರೆತರೆ ಆಕಾಶ ಬೀಳುವುದಿಲ್ಲವೆಂದು ಅವಳಿಗೆ ತಿಳಿದದ್ದು ಆಗಲೇ ಇರಬೇಕು. ನನ್ನ ಮೇಲಿನ ಹಿಡಿತ ಸಡಿಲವಾಯಿತು.

ಮಳಿಗೆ ಅವರ ಸಂಘಕ್ಕೇ ಸಿಕ್ಕಿತು.

ನಾನು ಒಂದು ದಿನ ಟಂಟಂ ಗಾಡಿಯಿಂದ ಬಿದ್ದೆ. ಒಳಗಿನ ಪರದೆ ಹರಿಯಿತು. ಮೌಲಾಸಾಬರು ವೈರಿಲ್ಲದ ಹೊಸ ಮೈಕು ತಂದರು. ನನ್ನನ್ನು ಗುಜರಿಗೆ ಹಾಕಲು ತೆಗೆದಿಟ್ಟಿದ್ದಾಗ ನೀಲವ್ವ ಬಂದು ಕೇಳಿ ಒಯ್ದಳು.

ಈಗ ನಾನು ಅವಳ ಮಳಿಗೆಯ ಮೂಲೆಯಲ್ಲಿ, ಶೇಂಗಾ ಚಟ್ನಿಯ ಡಬ್ಬಿಗಳ ನಡುವೆ ಇದ್ದೇನೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವಳು ಮೊದಲು ನನ್ನನ್ನು ಕೊಟ್ಟು, “ನಿಂತು ಹೇಳವ್ವ, ನೀ ಯಾರು?” ಎನ್ನುತ್ತಾಳೆ. ಸದ್ದಿಲ್ಲದ ಮೈಕಿಗೆ ಯಾರೂ ಹೆದರುವುದಿಲ್ಲ. ನಾಲ್ಕು ದಿನ ನನ್ನ ಹತ್ತಿರ ಹೇಳಿದವರು ಐದನೆಯ ದಿನ ಗಿರಾಕಿಗಳ ಹತ್ತಿರ ಹೇಳುತ್ತಾರೆ.

ನನ್ನ ದನಿ ಹೋಗಿದೆ, ಅದು ಮರಳಿ ಬರುವುದಿಲ್ಲ. ಈ ಮಳಿಗೆಯಲ್ಲಿ ರೊಟ್ಟಿ ಬಡಿಯುವ ಹೆಂಗಸರೆಲ್ಲ ಈಗ ತಮ್ಮ ಹೆಸರನ್ನು ತಾವೇ ಹೇಳುತ್ತಾರೆ.