ಅರ್ಧ ನೀಲಿಯ ದಾರ

ಸುದ್ದಿ ಬಂದ ದಿನ ಅಕ್ಕ ಅಂಗಳದಲ್ಲಿ ನಿಂತು ದಾರಕ್ಕೆ ನೀಲಿ ಹಚ್ಚುತ್ತಿದ್ದರು. ಬಟ್ಟೆ ಒಗೆಯುವಾಗ ಹಾಕುವ ನೀಲಿಪುಡಿಯನ್ನು ಹಳೆಯ ಬಟ್ಟೆಯ ಚೂರಿನಲ್ಲಿ ಹಿಡಿದು, ಎರಡು ಕಂಬಗಳ ನಡುವೆ ಕಟ್ಟಿದ ನೂಲಿನ ದಾರದ ಮೇಲೆ ಈ ತುದಿಯಿಂದ ಆ ತುದಿಗೆ ತಿಕ್ಕುತ್ತ ಹೋಗಬೇಕು. ವರ್ಷಕ್ಕೊಮ್ಮೆ ಅವರ ಪಾಲಿಗೆ ಬರುವ ಕೆಲಸ ಅದು. ಅವರ ತಮ್ಮ ಕಾಲೇಜಿನಲ್ಲಿ ಆಟದ ಮೇಷ್ಟ್ರು. ರಜೆಯಲ್ಲಿ ಊರಿಗೆ ಹೋಗಲಾಗದೆ ಹಾಸ್ಟೆಲಿನಲ್ಲೇ ಉಳಿಯುವ ಹೊರದೇಶಗಳ ವಿದ್ಯಾರ್ಥಿಗಳಿಗೆಂದು ಅವರು ಪ್ರತಿವರ್ಷ ಒಂದು ಆಟದ ದಿನ ನಡೆಸುತ್ತಿದ್ದರು. ಕೊನೆಯ ಓಟದ ಗುರಿಗೆ ಆ ದಾರವನ್ನು ಅಡ್ಡ ಹಿಡಿಯುವುದು ವಾಡಿಕೆ. ಮೊದಲು ಮುಟ್ಟಿದವನ ಅಂಗಿಯ ಮೇಲೆ ನೀಲಿ ಗೆರೆ ಮೂಡುತ್ತದೆ. ಆಮೇಲೆ ಯಾರ ತಕರಾರೂ ಇರುವುದಿಲ್ಲ.

ಅರ್ಧ ದಾರ ನೀಲಿಯಾಗಿತ್ತು. ಆಗ ಕಾಲೇಜಿನ ಕಾವಲುಗಾರ ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತ. ಆತ ಟೋಪಿ ತೆಗೆದದ್ದನ್ನು ಅಕ್ಕ ಅದುವರೆಗೆ ಕಂಡಿರಲಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಮೇಷ್ಟ್ರು, ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಎಂದು ನೆಲ ಸಮ ಮಾಡುವ ರೋಲರಿನ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಅಕ್ಕ ದಾರ ಬಿಚ್ಚಿ, ಉಂಡೆ ಸುತ್ತಿ, ಕಪಾಟಿನಲ್ಲಿಟ್ಟು, ನೀಲಿಯಾದ ಕೈಯನ್ನೂ ತೊಳೆಯದೆ ಅವನ ಹಿಂದೆ ಹೊರಟರು.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕ. ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು ಬಂದಾಗ ಬಾಗಿಲು ತೆರೆದವನು ಆ ತಮ್ಮನೇ. ಅವನು ಮದುವೆಯ ಗೊಡವೆಗೆ ಹೋಗಲಿಲ್ಲ. ಕೊರಳಲ್ಲಿ ಒಂದು ಸೀಟಿ, ಕಾಲಿಗೆ ಕ್ಯಾನ್ವಾಸ್ ಬೂಟು, ಇಷ್ಟೇ ಅವನ ಒಡವೆ. ಕಾಲೇಜಿನವರೆಲ್ಲ ಅವನನ್ನು ಸೀಟಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಅಕ್ಕ ಎನ್ನುತ್ತಿದ್ದುದನ್ನು ಕೇಳಿ, ಮೊಮ್ಮಕ್ಕಳ ವಯಸ್ಸಿನ ವಿದ್ಯಾರ್ಥಿಗಳೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ಅಕ್ಕ ಮೊದಮೊದಲು ನಕ್ಕು, ಆಮೇಲೆ ಒಪ್ಪಿಕೊಂಡಿದ್ದರು.

ಮಣ್ಣು ಮಾಡುವ ದಿನ ಹೆಗಲು ಕೊಟ್ಟವರು ಆ ಮಕ್ಕಳೇ. ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಏನೇನೋ ಪ್ರಾರ್ಥಿಸಿದರು. ದೇವರಿಗೆ ತಿಳಿಯದ ಭಾಷೆ ಯಾವುದಿದೆ ಎಂದು ಅಕ್ಕ ಎಲ್ಲಕ್ಕೂ ತಲೆಬಾಗಿದರು. ಆ ಮಕ್ಕಳು ಇಲ್ಲಿನ ಮಾತು ಕಲಿತದ್ದೆಲ್ಲ ಮೇಷ್ಟ್ರ ಬಾಯಿಂದ, ಅದೂ ಮೈದಾನದಲ್ಲಿ. ಹೀಗಾಗಿ ಸಮಾಧಾನ ಹೇಳುವ ಮಾತು ಅವರಿಗೆ ಗೊತ್ತಿರಲಿಲ್ಲ. ಉದ್ದ ಕಾಲಿನ ಹುಡುಗನೊಬ್ಬ, ಮೇಷ್ಟ್ರು ಒಂಟೆ ಎಂದು ಹೆಸರಿಟ್ಟಿದ್ದವನು, ಅಕ್ಕನ ಎರಡೂ ಕೈ ಹಿಡಿದುಕೊಂಡು ಮಾತಿಗಾಗಿ ತಡಕಾಡಿದ. ಕೊನೆಗೆ, ಓಡುತ್ತ ಬಿದ್ದವರಿಗೆ ಮೇಷ್ಟ್ರು ಹೇಳುತ್ತಿದ್ದುದನ್ನೇ ಹೇಳಿದ.

"ಏನೂ ಆಗಿಲ್ಲ. ಏಳು. ಮಣ್ಣು ಕೊಡವ್ಕೋ."

ಅಲ್ಲಿಯವರೆಗೆ ಕಲ್ಲಿನಂತಿದ್ದ ಅಕ್ಕನಿಗೆ ಆಗ ಅಳು ಬಂತು.

ಪ್ರಾಂಶುಪಾಲರು ಒಳ್ಳೆಯ ಮನುಷ್ಯ. ಮರುದಿನ ಅವರೇ ಮನೆಗೆ ಬಂದರು. ಸಾವಾದ ಮನೆ, ಈ ವರ್ಷ ಆಟ ಬೇಡ ಎಂದರು. ಮುಂದಿನ ವರ್ಷ ಮೇಷ್ಟ್ರ ಹೆಸರಿನಲ್ಲಿ ಅದ್ದೂರಿಯಾಗಿ ನಡೆಸೋಣ, ಒಂದೊಂದು ದೇಶಕ್ಕೆ ಒಂದೊಂದು ತಂಡ ಮಾಡಿ, ಬಾವುಟ, ಬ್ಯಾಂಡು ಎಲ್ಲ ಇಡಿಸೋಣ ಎಂದು ಮಾತು ಕೊಟ್ಟರು. ಅಕ್ಕ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

"ಒಂದು ದೇಶದಿಂದ ಒಬ್ಬನೇ ಬಂದಿದ್ದಾನಲ್ಲ ಸ್ವಾಮಿ, ಅವನು ಯಾರ ಜೊತೆ ಸೇರಿ ಹಗ್ಗ ಎಳೀಬೇಕು?"

ಅಕ್ಕ ಮತ್ತೆ ಹೇಳಿದರು: "ನನ್ನ ತಮ್ಮನಿಗೆ ಆಸ್ತಿಪಾಸ್ತಿ ಇಲ್ಲ, ಮಕ್ಕಳಿಲ್ಲ. ಅವನ ಆಟದಲ್ಲಿ ಮೋಸ ಇಲ್ಲ ಅನ್ನೋ ಹೆಸರೊಂದೇ ಅವನು ಬಿಟ್ಟುಹೋಗಿರೋದು. ಗೆರೆ ಅರ್ಧ ಎಳೆದು ಕೂತಿದ್ದಾನೆ. ಈ ಒಂದು ಸಲ ಅವನು ಮಾಡ್ತಿದ್ದ ಹಾಗೇ ಮಾಡಿ ಮುಗಿಸ್ತೀನಿ. ಆಮೇಲೆ ನಿಮ್ಮಿಷ್ಟ."

ಹೀಗೆ ಆಟದ ದಿನದ ಭಾರ ಅಕ್ಕನ ತಲೆಯ ಮೇಲೆ ಬಂತು. ಏನೇನು ಬೇಕೆಂದು ಯಾರನ್ನೂ ಕೇಳುವ ಅಗತ್ಯ ಅವರಿಗಿರಲಿಲ್ಲ. ಆಟದ ದಿನ ಹತ್ತಿರ ಬಂದರೆ ತಮ್ಮನಿಗೆ ಊಟದ ಹೊತ್ತಿನಲ್ಲೂ ಅದೇ ಧ್ಯಾನ. ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಮೈದಾನ ಬರೆದು ತೋರಿಸುತ್ತಿದ್ದ. ಊಟ ಆರುತ್ತದೆ ಕಣೋ ಎಂದು ಗದರುತ್ತಲೇ ಅಕ್ಕ ಎಲ್ಲವನ್ನೂ ಕಲಿತಿದ್ದರು. ಈಗ ಅವರು ಮೈದಾನಕ್ಕೆ ಹೋಗಿ, ಬೇರೆ ಯಾರೂ ಹತ್ತಿರ ಸುಳಿಯದ ಆ ರೋಲರಿನ ಮೇಲೆಯೇ ಕೂತರು. ಉಳಿದ ಗೆರೆಗಳನ್ನು ಮಕ್ಕಳ ಕೈಯಲ್ಲಿ ಎಳೆಸಿದರು. ಹಗ್ಗಜಗ್ಗಾಟದ ಹಗ್ಗವನ್ನು ಮೊಳ ಮೊಳವಾಗಿ ಕೈಯಲ್ಲಿ ಜಾರಿಸಿ, ಸವೆದ ಕಡೆ ಕತ್ತರಿಸಿ ಗಂಟು ಹಾಕಿಸಿದರು. ಗೋಣಿಚೀಲದಲ್ಲಿ ಕುಪ್ಪಳಿಸುವ ಓಟದ ಚೀಲಗಳನ್ನು ಬಿಸಿಲಿಗೆ ಹಾಕಿಸಿ, ತೂತುಗಳಿಗೆ ತಾವೇ ತೇಪೆ ಹಾಕಿದರು. ಹಾಸ್ಟೆಲಿನ ಅಡುಗೆಯವನು ಇಷ್ಟು ಚಮಚ ಕೊಟ್ಟರೆ ಮರಳಿ ಬರುವುದಿಲ್ಲ ಎಂದು ಗೊಣಗಿದಾಗ, ನಿಂಬೆಹಣ್ಣಿನ ಓಟಕ್ಕೆ ನೀನೂ ಬಾರಪ್ಪಾ, ಒಂದು ಚಮಚ ನಿನ್ನ ಬಾಯಲ್ಲೇ ಇರುತ್ತದೆ ಎಂದರು. ಅವನು ನಗಬಾರದೆಂದುಕೊಂಡೇ ನಕ್ಕುಬಿಟ್ಟ.

ಎಲ್ಲ ನೆನಪಿತ್ತು. ಕಪಾಟಿನ ದಾರವೊಂದನ್ನು ಮಾತ್ರ ಅವರು ಬಿಚ್ಚಿ ನೋಡಲಿಲ್ಲ. ಅದನ್ನು ಕಂಡರೆ ಆ ಗಳಿಗೆ ಮರುಕಳಿಸುತ್ತಿತ್ತು. ಆಟದ ದಿನ ಉಂಡೆಯನ್ನು ಹಾಗೆಯೇ ಕೈಚೀಲಕ್ಕೆ ಹಾಕಿಕೊಂಡು, ಜೊತೆಗೆ ತಮ್ಮನ ಸೀಟಿಯನ್ನೂ ಇಟ್ಟುಕೊಂಡು, ಬೆಳಗಿನ ಪ್ರಾರ್ಥನೆ ಮುಗಿಸಿ ಹೊರಟರು.

ಮೇಷ್ಟ್ರ ಕ್ರಮದಂತೆ ಮೊದಲು ತಂಡ ಮಾಡುವ ಕೆಲಸ. ಎಲ್ಲರೂ ಎಡಗಾಲಿನ ಬೂಟು ಬಿಚ್ಚಿ ಒಂದೇ ರಾಶಿಗೆ ಎಸೆಯಬೇಕು. ಅಕ್ಕ ಕಣ್ಣು ಮುಚ್ಚಿ ಒಂದೊಂದನ್ನೇ ಎತ್ತಿ ನಾಲ್ಕು ಮೂಲೆಗೆ ನಾಲ್ಕು ಪಾಲು ಮಾಡಬೇಕು. ಬೂಟು ಬಿದ್ದ ಮೂಲೆಯೇ ತಂಡ. ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ ತಂತಮ್ಮ ಬೂಟು ಹುಡುಕುವಷ್ಟರಲ್ಲಿ ಯಾರು ಯಾವ ದೇಶದವರೆಂಬುದು ಮರೆತೇಹೋಗುತ್ತಿತ್ತು. ಈ ಸಲ ಮೊದಲಿಗೆ ಮಕ್ಕಳು ಮೇಷ್ಟ್ರನ್ನು ನೆನೆದು ರಾಶಿಯ ಸುತ್ತ ತಲೆ ತಗ್ಗಿಸಿ ನಿಂತಿದ್ದರು. ಅಕ್ಕ ಒಂದು ಬೂಟನ್ನು ಎತ್ತಿ, ಮೂಗು ಮುರಿದು, "ಇದರ ಯಜಮಾನ ಯಾರಪ್ಪಾ, ಓಡೋದು ಹಾಗಿರಲಿ, ಮೊದಲು ಕಾಲು ತೊಳ್ಕೊಂಡು ಬಾ" ಎಂದರು. ಅರ್ಥವಾದವರು ನಕ್ಕರು, ಆಗದವರು ನಕ್ಕವರನ್ನು ನೋಡಿ ನಕ್ಕರು. ಆಟ ಕಳೆಗಟ್ಟಿತು.

ಪ್ರಾಂಶುಪಾಲರು ಗೆರೆಯ ಬಳಿ ಓಡಾಡುತ್ತಿದ್ದಾಗ ಗಿಡ್ಡ ಮೈಕಟ್ಟಿನ ವಿದ್ಯಾರ್ಥಿನಿಯೊಬ್ಬಳು ಅತ್ಯಂತ ವಿನಯದಿಂದ ಕೈಮುಗಿದು, "ಲೋ, ಗೆರೆಯಿಂದ ಆಚೆ ನಿಲ್ಲೋ" ಎಂದಳು. ಅವಳಿಗೆ ಗೊತ್ತಿದ್ದ ಮರ್ಯಾದೆಯ ಮಾತು ಅದೇ. ಪ್ರಾಂಶುಪಾಲರು ತೆಪ್ಪಗೆ ಆಚೆ ನಿಂತರು.

ಕೊನೆಯ ಓಟಕ್ಕೆ ತಂಡಕ್ಕೊಬ್ಬರಂತೆ ಓಡಬೇಕು. ಒಂಟೆ ಮೂರು ವರ್ಷದಿಂದಲೂ ಈ ಓಟದಲ್ಲಿ ಎರಡನೆಯವನು. ಮೇಷ್ಟ್ರ ಇನ್ನೊಂದು ಕ್ರಮವೆಂದರೆ, ಗೆದ್ದವನು ಎಲ್ಲರಿಗೂ ಊಟ ಬಡಿಸಬೇಕು, ಸೋತವರು ಮೊದಲ ಸಾಲಿನಲ್ಲಿ ಕೂತು ಉಣ್ಣಬೇಕು. ಉಂಡುಂಡೇ ದಪ್ಪಗಾದೆ, ಒಂದು ಸಲವಾದರೂ ಸೌಟು ಹಿಡಿಯಬೇಕು ಎಂಬುದು ಒಂಟೆಯ ಗೋಳು. ರಜೆಯ ದಿನಗಳಲ್ಲಿ ಅವನ ಊಟ ಅಕ್ಕನ ಮನೆಯಲ್ಲೇ. ಈ ಸಲ ಅವನು ಗೆಲ್ಲುತ್ತಾನೆ ನೋಡು ಎಂದು ತಮ್ಮ ಎಷ್ಟು ಸಲ ಹೇಳಿದ್ದನೋ! ಇದು ಒಂಟೆಯ ಕೊನೆಯ ವರ್ಷ. ಅವನಿಗೆ ಎದುರಾಗಿ ನಿಂತವನು ಅದೇ ವರ್ಷ ಬಂದ ಸಣಕಲು ಹುಡುಗ. ತುಟಿ ಬಿಚ್ಚದ ಅವನಿಗೆ ಮೇಷ್ಟ್ರು ಮೌನಿ ಎಂದು ಹೆಸರಿಟ್ಟಿದ್ದರು.

ಉಂಡೆಯನ್ನು ಮಕ್ಕಳೇ ಬಿಚ್ಚಿ ಎಳೆದರು. ದಾರದ ಒಂದು ತುದಿಯನ್ನು ಪ್ರಾಂಶುಪಾಲರು ಹಿಡಿದರು, ಇನ್ನೊಂದನ್ನು ಎಂದಿನಂತೆ ಅಕ್ಕ ಹಿಡಿದರು. ಮುಖ ನೋಡಬೇಡ ಅಕ್ಕಾ, ಎದೆ ನೋಡು, ಮುಖ ನೋಡಿದರೆ ಮಮತೆ ಅಡ್ಡ ಬರುತ್ತದೆ ಎಂದು ತಮ್ಮ ಹೇಳಿಕೊಟ್ಟಿದ್ದ. ಅಕ್ಕ ದಾರದ ಕಡೆ ನೋಡದೆ, ಅದರ ಮಟ್ಟಕ್ಕೆ ಬರುವ ಎದೆಗಳತ್ತ ಕಣ್ಣು ನೆಟ್ಟು ನಿಂತರು. ನಾಲ್ವರು ಹೊರಟರು. ತಿರುವಿನಲ್ಲಿ ಇಬ್ಬರು ಹಿಂದೆ ಬಿದ್ದರು. ಉಳಿದಿಬ್ಬರು ಹೆಗಲಿಗೆ ಹೆಗಲು ತಾಗಿಸಿಕೊಂಡೇ ಬಂದರು, ಒಂಟೆ ಪ್ರಾಂಶುಪಾಲರ ಕಡೆ, ಮೌನಿ ಅಕ್ಕನ ಕಡೆ. ಅಕ್ಕನ ಕಣ್ಣೆದುರೇ ಒಂದು ಎದೆ ದಾರಕ್ಕೆ ತಾಗಿತು. ಎವೆ ಮುಚ್ಚುವಷ್ಟರಲ್ಲಿ ಇನ್ನೊಂದೂ ತಾಗಿ ದಾರ ಹರಿಯಿತು.

ಒಂಟೆಯ ಬಿಳಿ ಅಂಗಿಯ ಮೇಲೆ ನೀಲಿ ಗೆರೆ ಎದ್ದು ಕಾಣುತ್ತಿತ್ತು. ಮೌನಿಯ ಅಂಗಿಯ ಮೇಲೆ ಏನೂ ಇರಲಿಲ್ಲ. ಮೈದಾನವೇ ಒಂಟೆಯನ್ನು ಹೆಗಲ ಮೇಲೆ ಎತ್ತಿಕೊಂಡಿತು. ಪ್ರಾಂಶುಪಾಲರ ಕಣ್ಣು ತೇವವಾಗಿತ್ತು. ಮೇಷ್ಟ್ರ ಆಸೆ ನೆರವೇರಿತು ಎಂದರು. ಅಕ್ಕ ತಮ್ಮ ಕೈಯಲ್ಲಿ ಉಳಿದ ದಾರದ ತುಂಡನ್ನು ನೋಡಿದರು. ಅದು ಅಚ್ಚ ಬಿಳಿ. ಆಗ ಅಂಗಳ, ಕಂಬ, ಟೋಪಿ ಹಿಡಿದ ಕಾವಲುಗಾರ ಎಲ್ಲ ಒಮ್ಮೆಗೇ ನೆನಪಾಯಿತು. ನೀಲಿ ಹತ್ತಿದ್ದ ಅರ್ಧ ಪ್ರಾಂಶುಪಾಲರ ಕಡೆಗೆ ಹೋಗಿತ್ತು. ಮೊದಲು ತಾಗಿದ ಎದೆ ಮೌನಿಯದು, ತಾಗಿದ್ದು ಬಿಳಿಯ ಅರ್ಧಕ್ಕೆ.

ಯಾರೂ ಅವರನ್ನು ಕೇಳುತ್ತಿರಲಿಲ್ಲ. ಮೌನಿ ಕೂಡ ಚಪ್ಪಾಳೆ ತಟ್ಟುತ್ತಿದ್ದ. ಸುಮ್ಮನಿದ್ದುಬಿಟ್ಟರೆ ಎಲ್ಲರಿಗೂ ಸಂತೋಷ, ಒಂಟೆಗಂತೂ ಜನ್ಮಕ್ಕಾಗುವಷ್ಟು. ಹೆಗಲ ಮೇಲಿನಿಂದ ಅವನು ಅಕ್ಕನತ್ತ ಕೈ ಬೀಸಿದ. ಒಂದು ಕ್ಷಣ ಅಕ್ಕ ಅವನ ಮುಖ ನೋಡಿಬಿಟ್ಟರು. ಮರುಕ್ಷಣ ಕೈಚೀಲದಿಂದ ಸೀಟಿ ತೆಗೆದು, ಜೀವಮಾನದಲ್ಲಿ ಮೊದಲ ಬಾರಿ, ಇದ್ದ ಉಸಿರನ್ನೆಲ್ಲ ಹಾಕಿ ಊದಿದರು.

ಆ ದನಿಗೆ ಎಲ್ಲರೂ ನಿಂತಲ್ಲೇ ನಿಂತರು. ಮೇಷ್ಟ್ರು ಹಾಗೆ ಪಳಗಿಸಿದ್ದರು.

ಅಕ್ಕ ದಾರದ ಎರಡೂ ತುಂಡುಗಳನ್ನು ಎತ್ತಿ ಹಿಡಿದರು. "ಇದಕ್ಕೆ ನಾನು ನೀಲಿ ಹಚ್ಚಿದ್ದು ಅರ್ಧ ಮಾತ್ರ. ಅಷ್ಟರಲ್ಲಿ ಅವನ ಸುದ್ದಿ ಬಂತು, ಉಳಿದದ್ದು ಮರ್ತೇಬಿಟ್ಟೆ. ತಪ್ಪು ನಂದು. ಮೊದಲು ಮುಟ್ಟಿದ್ದು ಮೌನಿ. ನಾನು ಕಣ್ಣಾರೆ ನೋಡಿದೀನಿ."

ಮಾತು ತಿಳಿದವರು ತಿಳಿಯದವರಿಗೆ ಪಿಸುಗುಟ್ಟಿದರು. ಪ್ರಾಂಶುಪಾಲರು ಹತ್ತಿರ ಬಂದು, ಇಬ್ಬರೂ ಗೆದ್ದರು ಅಂದರಾಗದೇ ಅಮ್ಮಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆಗದು ಎಂದು ಅಕ್ಕ ತಲೆಯಾಡಿಸಿಬಿಟ್ಟರು. ಒಂಟೆ ಹೆಗಲುಗಳಿಂದ ಇಳಿದ. ತನ್ನ ಎದೆಯ ಮೇಲಿನ ನೀಲಿ ಗೆರೆಯನ್ನು ಬಗ್ಗಿ ನೋಡಿಕೊಂಡ. ಅವನು ನೆಟ್ಟಗೆ ಮೌನಿಯ ಬಳಿಗೆ ನಡೆದು, ಹಿಂದೆ ಸರಿಯುತ್ತಿದ್ದ ಅವನ ಎರಡೂ ತೋಳು ಹಿಡಿದ.

"ಸರಿಯಾಗಿ ನಿಲ್ಲಯ್ಯಾ" ಎಂದು ಮೇಷ್ಟ್ರ ರಾಗದಲ್ಲೇ ಗದರಿ, ಎದೆಗೆ ಎದೆ ಒತ್ತಿ ಗಟ್ಟಿಯಾಗಿ ತಬ್ಬಿಕೊಂಡ. ಬಿಟ್ಟಾಗ ಮೌನಿಯ ಅಂಗಿಯ ಮೇಲೂ ನೀಲಿ ಗೆರೆ ಇತ್ತು, ಸ್ವಲ್ಪ ಮಸುಕಾಗಿ.

ಮೈದಾನ ಮತ್ತೆ ಕೂಗಿತು. ಆ ಕೂಗು ಯಾರಿಗೆ ಎಂದು ಹೇಳಲಾಗದು. ಅಕ್ಕನ ಎದೆ ಮಾತ್ರ ತುಂಬಿ ಬಂತು. ಹೊತ್ತು ಬೆಳೆಸಿದ ತಮ್ಮ ಎಂಥವರನ್ನು ಬೆಳೆಸಿ ಹೋಗಿದ್ದಾನೆ ಎಂದು ಅವರು ತಲೆಯೆತ್ತಿ ನಿಂತರು.

ಊಟಕ್ಕೆ ಮೌನಿ ಸೌಟು ಹಿಡಿದ. ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಮೊದಲ ತಟ್ಟೆಯಲ್ಲೇ ಅರ್ಧ ಚೆಲ್ಲಿದ. ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ ಒಂಟೆ ಪಕ್ಕದ ಜಾಗ ತಟ್ಟಿ ಅಕ್ಕನನ್ನು ಕರೆದ.

"ಬಾ ಅಕ್ಕಾ. ಸೋತವರ ಊಟ ಬಿಸಿ ಇರುತ್ತೆ."

ಸುದ್ದಿ ಬಂದ ದಿನದಿಂದ ಅಕ್ಕ ಹೊಟ್ಟೆ ತುಂಬ ಉಂಡಿರಲಿಲ್ಲ. ಅಂದು ಆ ಸಾಲಿನಲ್ಲಿ ಕೂತು, ಮೌನಿ ಬಡಿಸಿದ್ದನ್ನೆಲ್ಲ ಉಂಡರು.

ಎಲ್ಲರೂ ಹೋದ ಮೇಲೆ ರೋಲರಿನ ಬಳಿ ಬಂದು, ಸೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕಣ್ಣು ಮುಚ್ಚಿದರು. ದೇವರೇ, ಇಲ್ಲಿ ಕೂತು ಸುಧಾರಿಸಿಕೊಳ್ಳುತ್ತೇನೆ ಅಂದವನು ನಿನ್ನ ಬಳಿಗೆ ಬಂದಿದ್ದಾನೆ. ಅವನ ಗೆರೆಗಳನ್ನು ನಾವು ಎಳೆದು ಮುಗಿಸಿದೆವು, ಒಂದೂ ಸೊಟ್ಟಗಿಲ್ಲ. ಇನ್ನು ಅವನನ್ನು ಎಬ್ಬಿಸಬೇಡ. ಕಾಲಿನ ಬೂಟು ಬಿಚ್ಚಿಸಿ, ನೆರಳಿನಲ್ಲಿ ಮಲಗಿಸು. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.