ಹಸಿರು ಅಕ್ಷರದ ಸುಳ್ಳು

ಜುಂಜೇಶನಿಗೆ ಕೋಡ್ ಬರೆಯುವುದನ್ನು ಕಲಿಸಿದವಳು ನಾನು. ಒಂದೇ ಹಟ್ಟಿಯವನು, ನೇತ್ರಕ್ಕ ನೇತ್ರಕ್ಕ ಅಂತ ಹಿಂದೆಯೇ ಸುತ್ತಿದವನು ಅಂತ ಚಿತ್ರದುರ್ಗದ ನಮ್ಮ ಪುಟ್ಟ ಆಫೀಸಿಗೆ ಸೇರಿಸಿದವಳೂ ನಾನೇ. ಹಾವಿಗೆ ಹಾಲೆರೆಯುವುದು ಅಂದರೆ ಏನೆಂದು ಈಗ ಯಾರಾದರೂ ನನ್ನನ್ನು ಕೇಳಲಿ, ಹೇಳುತ್ತೇನೆ.

ಕುರಿಗಳಿಗೆ ಲಸಿಕೆ ಹಾಕುವ ಒಂದು ಸಂಸ್ಥೆಗೆ ನಾವು ವೆಬ್‌ಸೈಟ್ ಮಾಡಿದ್ದೆವು. ಹಟ್ಟಿಯವರು ಮೊಬೈಲಿನಲ್ಲಿ ಬಟನ್ ಒತ್ತಿದರೆ ಲಸಿಕೆಯ ಕೋರಿಕೆ ನಮ್ಮ ಸರ್ವರಿಗೆ ಬಂದು, ಅಲ್ಲಿಂದ ಸಂಸ್ಥೆಯ ಕಂಪ್ಯೂಟರಿಗೆ ಹೋಗಬೇಕು. ಆ ಕಡೆಯದು ಆಗಾಗ ಕೈಕೊಡುತ್ತಿತ್ತು. ಹಾಗಾದಾಗ ಏನು ತೋರಿಸಬೇಕೆಂದು ನಾನೇ ಬರೆದಿದ್ದೆ, ಕೆಂಪು ಅಕ್ಷರದಲ್ಲಿ: "ನಿಮ್ಮ ಕೋರಿಕೆ ತಲುಪಿಲ್ಲ. ಡಾಕ್ಟರಿಗೆ ಫೋನ್ ಮಾಡಿ."

ಪಕ್ಕದ ಹಟ್ಟಿಯ ಕುರಿಗಳಿಗೆ, ಮಂದೆಯಿಂದ ಮಂದೆಗೆ ಹರಡುವ ಹಿರೇಬೇನೆ ಬಂದಾಗ ನನ್ನ ಸೋದರತ್ತೆ ಚಿತ್ತಮ್ಮ ಬಟನ್ ಒತ್ತಿದಳು. ಹಸಿರು ಅಕ್ಷರ ಬಂತು: "ತಲುಪಿದೆ. ನಮ್ಮವರು ಬರುತ್ತಾರೆ." ಅತ್ತೆ ಮಂದೆಯನ್ನು ಮುಳ್ಳುಬೇಲಿಯ ರೊಪ್ಪದಲ್ಲೇ ಕೂಡಿ ಕಾದಳು. ಬರುತ್ತೇನೆ ಅಂದವರನ್ನು ಮತ್ತೆ ಕೇಳುವುದು ನಮ್ಮಲ್ಲಿ ಅವಮಾನ, ಅವರ ಮಾತಿನ ಮೇಲೆ ನಂಬಿಕೆಯಿಲ್ಲ ಅಂದಂತೆ. ಯಾರೂ ಬರಲಿಲ್ಲ. ಬೇನೆ ಬಂತು, ಅರ್ಧಕ್ಕರ್ಧ ಮಂದೆ ಹೋಯಿತು.

ಕೋಡ್ ತೆರೆದು ನೋಡಿದೆ. ನನ್ನ ಕೆಂಪು ಸಾಲು ಅಲ್ಲಿರಲಿಲ್ಲ. ಯಾವ ಎರರ್ ಬಂದರೂ ನುಂಗಿಕೊಂಡು ಹಸಿರು ಅಕ್ಷರ ತೋರಿಸುವಂತೆ ಜುಂಜೇಶ್ ತಿದ್ದಿಟ್ಟಿದ್ದ.

"ಸಂಸ್ಥೆಯೋರಿಗೆ ತೋರ್ಸೋ ದಿನ ಕೆಂಪು ಬಂದಿದ್ರೆ ಮರ್ಯಾದೆ ಹೋಗ್ತಿತ್ತಕ್ಕ. ಅವತ್ತೊಂದಿನಕ್ಕೆ ಅಂತ ಮಾಡ್ದೆ. ಆಮ್ಯಾಲೆ ವಾಪಸ್ ಹಾಕಾದು ಮರ್ತೇಬಿಟ್ಟೆ" ಅಂತ ಅತ್ತ.

ಬಾಯಿಗೆ ಬಂದಂತೆ ಬೈದೆ. ಆದರೂ ಕರುಳು ಕೇಳಬೇಕಲ್ಲ? ಮರೆವು ಯಾರಿಗಿಲ್ಲ ಅಂದುಕೊಂಡೆ. ಸಾಲನ್ನು ಸರಿಮಾಡಿ, ಅತ್ತೆಯನ್ನು ನೋಡಲು ಹೊಸದುರ್ಗದ ಬಸ್ ಹತ್ತಿದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಮ್ ಹುಡುಗಿ ಮಾಡಿದ್ದು ಅಂತ ಹಟ್ಟಿಗೆಲ್ಲ ಹೇಳ್ಕಂಡು ತಿರುಗಿದ್ದೆ ಕಣವ್ವ" ಅಂದಳು, ಅಷ್ಟೇ. ಅಲ್ಲಿ ಕೂರಲಾಗದೆ ಎದ್ದು ಹೊರಗೆ ಬಂದೆ.

ಎದುರಿನ ರೊಪ್ಪದಲ್ಲಿ ಜುಂಜೇಶನ ಅಪ್ಪ ಯತ್ತಪ್ಪ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ. ರೊಪ್ಪ ತುಂಬಿತ್ತು.

"ನಿಮ್ಮವಕ್ಕೆ ಬೇನೆ ಬರ್ಲಿಲ್ವಾ ಮಾವ?"

"ಇಲ್ಲವ್ವ. ಬೇನೆ ಸುದ್ದಿ ಗೊತ್ತಾಗ್ತಿದ್ದಂಗೆ ನಮ್ ಜುಂಜ ಫೋನ್ ಮಾಡಿದ್ದ. ಅದು ಹಸಿರು ತೋರ್ಸಿದ್ರೂ ನಂಬಬ್ಯಾಡಪ್ಪ, ಶ್ರೀರಾಂಪುರದ ದನದಾಸ್ಪತ್ರೆಗೇ ಹೊಡ್ಕಂಡೋಗಿ ಸೂಜಿ ಹಾಕ್ಸು ಅಂದ. ಹಂಗೇ ಮಾಡ್ದೆ."

ಯತ್ತಪ್ಪ ಸೊಪ್ಪಿನ ಹೊರೆ ಕೆಳಗಿಟ್ಟು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಕಪಟವಿರಲಿಲ್ಲ.

"ಚಿತ್ತಮ್ಮಂಗೆ ನೇತ್ರಕ್ಕನೇ ಹೇಳ್ತಾಳೆ, ನೀನೇನೂ ಹೇಳಾಕೆ ಹೋಗಬ್ಯಾಡ ಅಂತಾನೂ ಅಂದಿದ್ದ. ಯಾಕವ್ವ, ನೀನು ಹೇಳ್ಲೇ ಇಲ್ವಾ?"