ನೆಲದ ಮೇಲಿನ ಅಳತೆ

ಸುಧಾಕರ ಕೈಲಿದ್ದ ಬಿದಿರು ಕಡ್ಡಿಯನ್ನು ಗಲ್ಲಾದ ಮೇಲೆ ಕುಕ್ಕಿದ. "ಇದೇ ಅಳ್ತೆ. ಎರಡು ಆಕ್ಸಲ್ ಬೇಕು. ಇದ್ರೆ ಕೊಡು, ಇಲ್ದಿದ್ರೆ ಇಲ್ಲ ಅನ್ನು. ಜಾಸ್ತಿ ಮಾತು ಬೇಡ."

ಅವಳನ್ನು 'ಅತ್ತಿಗೆ' ಎಂದು ಕರೆಯಲೂ ಇಲ್ಲ. ನಾಲ್ಕು ವರ್ಷದ ಮೇಲೆ ಅಂಗಡಿ ಮೆಟ್ಟಿಲು ಹತ್ತಿದವನು ಆ ಒಂದು ಮಾತು ಆಡಿದ್ದರೆ ನಾಲಿಗೆ ಸವೆದುಹೋಗುತ್ತಿತ್ತೇನೋ! ಶಶಿರೇಖ ಅವನ ಮುಖ ನೋಡದೆ ಕಡ್ಡಿ ಎತ್ತಿಕೊಂಡಳು. ರಾಬರ್ಟ್‌ಸನ್‌ಪೇಟೆಯ ಈ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿ ಅವಳ ಗಂಡ ನಾಗೇಶನದು. ಅವನು ಹೋದಮೇಲೆ ಅವಳದು. ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಈ ಮೈದುನ, ಅಣ್ಣನ ತಿಥಿ ಊಟದ ಎಲೆ ಎತ್ತುವ ಮುಂಚೆಯೇ ನೆಂಟರೆದುರು, "ಹೆಂಗಸು ಗಲ್ಲಾದಲ್ಲಿ ಕೂತ್ರೆ ಬರೋರು ಪಾರ್ಟ್ಸ್‌ಗೆ ಬರಲ್ಲ" ಅಂದಿದ್ದ. ಅಂಥವನು ಇಲ್ಲಿಗೆ ಬಂದಿದ್ದಾನೆ ಅಂದರೆ ಕೋಲಾರವನ್ನೂ ಸುತ್ತಿ ಬರಿಗೈಯಲ್ಲಿ ವಾಪಸಾಗಿರಬೇಕು.

ಅವನು ಮನೆ ಹಿತ್ತಲಲ್ಲಿ ತಾನೇ ಒಂದು ಕಾರು ಕಟ್ಟುತ್ತಿರುವ ಸುದ್ದಿ ಅವಳಿಗೂ ಮುಟ್ಟಿತ್ತು. ಪೈಪು ಬೆಸೆದು ಮಾಡಿದ ಚೌಕಟ್ಟು, ಸೀಟಿನ ಹಿಂದೆ ಹಳೇ ಮಾರುತಿಯ ಇಂಜಿನ್ನು, ಎಲ್ಲಿಂದಲೋ ಕಿತ್ತು ತಂದ ಚಕ್ರಗಳು. ಗೇರ್‌ಬಾಕ್ಸಿನಿಂದ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಒಯ್ಯುವ ಕಂಬಿಗಳು, ಅಂದರೆ ಆಕ್ಸಲ್‌ಗಳು, ಇವನ್ನು ಹೊಂದಿಸುವುದೊಂದೇ ಬಾಕಿ.

ಗೇರ್‌ಬಾಕ್ಸಿನ ಕಡೆ ಆಕ್ಸಲ್‌ನ ತಲೆ ಕೂರುವ ಕಬ್ಬಿಣದ ಕಪ್ಪನ್ನೂ ಅವನು ತಂದಿದ್ದ. ಅದರ ಹಲ್ಲುಗಳನ್ನು ಅವಳು ಉಗುರಿನಿಂದ ಎಣಿಸಿದಳು. ಹಿಂದಿನ ರ‍್ಯಾಕಿನಿಂದ ಎರಡು ಜೊತೆ ತಂದು ನೆಲಕ್ಕಿಟ್ಟಳು. ಹಲ್ಲು ಎರಡಕ್ಕೂ ಕೂಡುತ್ತಿತ್ತು. ಒಂದು ಜೊತೆ ಕಡ್ಡಿಯ ಅಳತೆಗೆ ಸರಿಯಾಗಿತ್ತು. ಇನ್ನೊಂದು ಒಂದಂಗುಲ ಉದ್ದ.

"ಅಳೆದಾಗ ಗಾಡಿ ಜಾಕ್ ಮೇಲಿತ್ತಾ?" ಎಂದಳು.

"ನೆಲದ ಮೇಲಿತ್ತು. ನನ್ ಗಾಡಿ ಓಡೋದು ನೆಲದ ಮೇಲಮ್ಮ, ಗಾಳೀಲಲ್ಲ."

ಬ್ರೇಕ್ ಕೇಬಲ್ ಆರಿಸುತ್ತ ನಿಂತಿದ್ದ ಆಟೋ ಮುನಿಶಾಮಿ ಕಿಸಕ್ಕನೆ ನಕ್ಕ. ಶಶಿರೇಖ ನಗಲಿಲ್ಲ. ಹಳ್ಳ ಬಂದಾಗ ಚಕ್ರ ಕೆಳಗೆ ಜೋತುಬೀಳುತ್ತದೆ, ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ದೂರ ಹೆಚ್ಚುತ್ತದೆ. ಗಿಡ್ಡ ಆಕ್ಸಲ್ ಆದರೆ ಅದರ ತಲೆ ಕಪ್ಪಿನಿಂದ ಕಳಚಿಕೊಳ್ಳುತ್ತದೆ. ಇನ್ನೊಂದು ತುದಿ ಚಕ್ರದ ಜೊತೆ ತಿರುಗುತ್ತಲೇ ಇರುತ್ತದಲ್ಲ, ಕಬ್ಬಿಣದ ದೊಣ್ಣೆಯ ಹಾಗೆ ಸುತ್ತಲೂ ಬಡಿಯುತ್ತದೆ. ಮೊದಲು ಹೋಗುವುದೇ ಬ್ರೇಕ್ ಪೈಪು. ಚಕ್ರ ಜೋತುಬಿಟ್ಟು ಅಳೆಯಬೇಕು ಎಂದು ನಾಗೇಶ ಅವಳಿಗೆ ನೂರು ಸಲ ಹೇಳಿದ್ದ.

"ಜಾಕ್ ಕೊಟ್ಟು ಇನ್ನೊಂದ್ಸಲ ಅಳ್ಕೊಂಡು ಬಾ ಸುಧಾಕರ."

"ಓಹೋ! ನಂಗೇ ಪಾಠನಾ? ಹದಿನೈದು ವರ್ಷದಿಂದ ಕಬ್ಬಿಣ ಸುಡ್ತಿದ್ದೀನಿ. ನಿಂಗೇನು ಗೊತ್ತು?"

ನಿಂಗೇನು ಗೊತ್ತು. ಅವತ್ತೂ ಇದೇ ಮಾತು. ನಾಗೇಶ ಎದೆ ಹಿಡಿದುಕೊಂಡು ಬೆವರುತ್ತಿದ್ದಾಗ ಆಸ್ಪತ್ರೆಗೆ ಹೋಗೋಣ ಎಂದು ಅವಳು ಗೋಗರೆದಿದ್ದಳು. "ಗ್ಯಾಸು ಕಣಮ್ಮ, ನಿಂಗೇನು ಗೊತ್ತು" ಎಂದು ಇವನು ಸೋಡಾ ತರಿಸಿದ್ದ. ಸೋಡಾ ಬಾಟಲಿ ಖಾಲಿಯಾಗುವ ಮುಂಚೆ ಅವಳ ಬಾಳು ಖಾಲಿಯಾಗಿತ್ತು.

ಹಾಳಾಗಿ ಹೋಗಲಿ! ಕೇಳಿದ್ದನ್ನು ಕೊಟ್ಟರೆ ಯಾರು ತಪ್ಪು ಅಂತಾರೆ? ಅವಳು ಗಿಡ್ಡ ಜೊತೆಯನ್ನು ಎತ್ತಿ ಹಳೇ ಪೇಪರಿನಲ್ಲಿ ಸುತ್ತತೊಡಗಿದಳು.

"ಬೇಗ ಕಟ್ಟು," ಎಂದ ಸುಧಾಕರ. "ಭಾನುವಾರ ನವ್ಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬೇತಮಂಗಲದ ಕೆರೆಗೆ ಓಗ್ಬೇಕು. ಮಗೂಗೆ ಮಾತು ಕೊಟ್ಟುಬಿಟ್ಟಿದ್ದೀನಿ."

ಅವಳ ಕೈ ನಿಂತಿತು. ನವ್ಯ ಇವನ ಮಗಳು. ಐದು ವರ್ಷ ತುಂಬುವವರೆಗೆ, ಮಕ್ಕಳಿಲ್ಲದ ಈ ದೊಡ್ಡಮ್ಮನ ತೊಡೆಯ ಮೇಲಲ್ಲದೆ ಎಲ್ಲೂ ನಿದ್ದೆ ಮಾಡದ ಹುಡುಗಿ. ಆ ರಸ್ತೆಯಲ್ಲಿ ಹಳ್ಳ ಎಷ್ಟಿವೆ ಅಂತ ಯಾರಿಗೆ ಗೊತ್ತಿಲ್ಲ?

ಉದ್ದದ ಜೊತೆಯಾದರೆ ಹಳ್ಳದಲ್ಲೂ ಕಳಚದು. ಆದರೆ ನಿಜ ಹೇಳಿದರೆ ಇವನು ಕೇಳುವ ಗಿರಾಕಿಯಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಸರಿ, ಕೋಣ ಎಳೆಯುವ ಕಡೆಯೇ ದಾರಿ ಮಾಡಬೇಕು. ಶಶಿರೇಖ ಉದ್ದದ ಜೊತೆಯನ್ನು ಕಾಲಿನಿಂದ ಮೆಲ್ಲಗೆ ಗೋಣಿಚೀಲದ ಅಡಿಗೆ ತಳ್ಳಿದಳು. ಅವನಿಗೆ ಕಾಣುವಷ್ಟು ಮೆಲ್ಲಗೆ.

"ಅದ್ಯಾಕೆ ಬಚ್ಚಿಡ್ತಿದ್ದೀಯ?"

"ಅದು ನಿಂಗಲ್ಲ. ಕೋಲಾರದ ಪಾರ್ಟಿಗೆ ಎತ್ತಿಟ್ಟಿರೋದು. ನಿಂಗೆ ಇದೇ ಸರಿ. ನಿನ್ ಅಳ್ತೆ ಕರೆಕ್ಟಾಗೈತೆ."

"ನಾನ್ ಮಾಡಿದ್ದು ಸರಿ ಅಂತ ನೀನು ಯಾವತ್ತಾದ್ರೂ ಅಂದಿದ್ದೀಯಾ?" ಸುಧಾಕರನ ಕಣ್ಣು ಕಿರಿದಾಯಿತು. ಬಗ್ಗಿ ಗೋಣಿಚೀಲ ಸರಿಸಿದ. ಉದ್ದದ ಜೊತೆ ಎತ್ತಿ, ತಲೆಯನ್ನು ತನ್ನ ಕಪ್ಪಿಗೆ ತೂರಿಸಿ, ಹಿಂದೆ ಮುಂದೆ ಎಳೆದು ನೋಡಿದ. "ಕಪ್ ಒಳಗೆ ಎಷ್ಟು ಗಟ್ಟಿಯಾಗಿ ಕೂರ್ತದೆ! ಇಂಥದ್ದು ಬಚ್ಚಿಟ್ಟು ನಂಗೆ ಕಸ ಕಟ್ಟಿಕೊಡ್ತಿದ್ದೀಯ?"

"ಅದನ್ನ ಮುಟ್ಬೇಡ. ಕೊಡಲ್ಲ ಅಂದ್ನಲ್ಲ." ಅವಳು ಕೈಹಾಕಿ ಕಿತ್ತುಕೊಳ್ಳಲು ನೋಡಿದಳು. ಅವನು ಅವಳ ಕೈ ಕೊಡವಿ, ನೋಟುಗಳನ್ನು ಗಲ್ಲಾದ ಮೇಲೆ ಎಸೆದ.

"ನೋಡ್ರಪ್ಪಾ!" ಬೀದಿಗೆಲ್ಲ ಕೇಳುವಂತೆ ಕೂಗಿದ. "ನಮ್ಮಣ್ಣ ಕಟ್ಟಿದ ಅಂಗಡಿ. ಒಂದು ದಿನಾನೂ ಮೋಸ ಮಾಡ್ದೋನಲ್ಲ ಅವ್ನು. ಇವ್ಳು ಮನೆಯವ್ರಿಗೇ ಇಂಗೆ ಮಾಡಿದ್ರೆ ನಿಮಗಿನ್ನೇನು ಕೊಡ್ತಾಳೋ, ಯೋಚನೆ ಮಾಡ್ಕೊಳ್ಳಿ!"

ಎದುರಿನ ಟೀ ಅಂಗಡಿಯಲ್ಲಿ ಎಲ್ಲರೂ ಇತ್ತ ತಿರುಗಿದರು. ಶಶಿರೇಖಳ ಮೈಯೆಲ್ಲ ಉರಿಯಿತು. ಅಯ್ಯೋ ಪಾಪಿ, ನಿನ್ನ ಮಗಳನ್ನು ಉಳಿಸಿದೆ ಕಣೋ, ಎಂಬ ಮಾತು ನಾಲಿಗೆಯ ತುದಿಗೇ ಬಂತು. ಆ ಮಾತು ಕೇಳಿದರೆ ಇವನು ಹಟಕ್ಕೆ ಬಿದ್ದು ಅಲ್ಲೇ ಆಕ್ಸಲ್ ಬಿಸಾಡಿ ಗಿಡ್ಡದ್ದನ್ನೇ ಎತ್ತಿಕೊಂಡು ಹೋಗುತ್ತಾನೆ. ಅವಳು ಗಿಡ್ಡ ಜೊತೆಯನ್ನು ಎತ್ತಿ ಹಿಂದಿನ ರ‍್ಯಾಕಿಗೆ ಸೇರಿಸಿದಳು. ಸುಧಾಕರ ಉದ್ದದ ಜೊತೆಯನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು, ಮೆಟ್ಟಿಲ ಕಡೆಗೆ ಥೂ ಎಂದು ಉಗಿದು ಬಂಗಾರಪೇಟೆ ದಾರಿ ಹಿಡಿದ.

ಮುನಿಶಾಮಿ ಇನ್ನೂ ಅಲ್ಲೇ ಇದ್ದ. ನಾಗೇಶನ ಕಾಲದಿಂದ ಬೇರೆ ಅಂಗಡಿಯ ಮೆಟ್ಟಿಲು ಹತ್ತದವನು. ಆರಿಸಿಕೊಂಡಿದ್ದ ಕೇಬಲನ್ನು ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದ, ಇನ್ನೊಂದು ಸಲ ತಿರುಗಿಸಿದ. ಆಮೇಲೆ ಅದನ್ನು ಗಲ್ಲಾದ ಮೇಲಿಟ್ಟ.

"ಆಮ್ಯಾಕೆ ಬತ್ತೀನಕ್ಕ," ಎಂದ, ಅವಳ ಕಡೆ ನೋಡದೆ.

ಅವನು ಬೀದಿ ದಾಟಿ, ಎದುರು ಸಾಲಿನ ಸ್ಪೇರ್ಸ್ ಅಂಗಡಿಯ ಮೆಟ್ಟಿಲು ಹತ್ತುವವರೆಗೂ ಶಶಿರೇಖ ನೋಡಿದಳು. ಆಮೇಲೆ ಕೇಬಲನ್ನು ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದಳು.